ನಿಕಾನ್ ಪಿ950 ಸೂಪರ್ ಜೂಮಾ, ಕ್ಯಾನನ್ ಆರ್50 + 100-400 ಮಿರರ್‌ಲೆಸ್ಸಾ? ರಂಗನತಿಟ್ಟು, ಹದಿನಾರು ಕೆರೆಗೆ ಯಾವುದು ಸರಿ?

ಕುಕ್ಕರಹಳ್ಳಿ_ದಂಡೆ:
ಎಲ್ಲರಿಗೂ ನಮಸ್ಕಾರ. ಹಕ್ಕಿ ಫೋಟೋಗೆ ಕ್ಯಾಮೆರಾ ತಗೋಬೇಕು. ಒಂದು ಕಡೆ ನಿಕಾನ್ ಪಿ950, ಲೆನ್ಸ್ ಬದಲಿಸಲಾಗದ ಸೂಪರ್ ಜೂಮ್: 83 ಪಟ್ಟು ಜೂಮ್, 2000 ಎಂಎಂ ತನಕ. ಇನ್ನೊಂದು ಕಡೆ ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್, ಕ್ಯಾನನ್ ಆರ್50 ಕ್ಯಾಮೆರಾ ಜೊತೆ ಆರ್‌ಎಫ್ 100-400 ಲೆನ್ಸ್, ಅದು ಚಿಕ್ಕ ಸೆನ್ಸರಿನ 1.6 ಪಟ್ಟು ಲೆಕ್ಕ (ಕ್ರಾಪ್) ಸೇರಿ 640 ಎಂಎಂಗೆ ನಿಲ್ಲುತ್ತದೆ. ಹೋಗುವ ಜಾಗಗಳು ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತಿಗೆ ಹದಿನಾರು ಕೆರೆ. 2000 ಎಲ್ಲಿ, 640 ಎಲ್ಲಿ? ಹಾಗಿದ್ದೂ ಎಲ್ಲರೂ ಮಿರರ್‌ಲೆಸ್ ತಗೊಳ್ಳಿ ಅನ್ನೋದು ಯಾಕೆ?

ಗಾಜಿನ_ಲೆಕ್ಕ:
ಜೂಮ್ ಎಷ್ಟು ಪಟ್ಟು ಅನ್ನೋದನ್ನು ಸ್ವಲ್ಪ ಪಕ್ಕಕ್ಕಿಡಿ. ಬೆಳಕು ಒಳಗೆ ಬರುವ ಕಿಂಡಿ ಎಷ್ಟು ಅಗಲ ಅಂತ ನೋಡಿ. ಲೆಕ್ಕ ಸುಲಭ: ಲೆನ್ಸಿನ ನಿಜವಾದ ಫೋಕಲ್ ಲೆಂತನ್ನು ಅಪರ್ಚರಿನ (ಆ ಕಿಂಡಿಯ) ಎಫ್ ಸಂಖ್ಯೆಯಿಂದ ಭಾಗಿಸಿ.

ಪಿ950ರಲ್ಲಿ 2000 ಅನ್ನೋದು ಫುಲ್ ಫ್ರೇಮಿಗೆ (ಹಳೆಯ ಫಿಲ್ಮಿನಷ್ಟು ದೊಡ್ಡ ಸೆನ್ಸರಿಗೆ) ಹೋಲಿಸಿ ಹೇಳುವ ಅಂಕಿ. ನಿಜವಾದ ಫೋಕಲ್ ಲೆಂತ್ 357 ಎಂಎಂ, ಅಲ್ಲಿ ಅಪರ್ಚರ್ ಎಫ್/6.5. ಕಿಂಡಿ 55 ಎಂಎಂ. ಆರ್‌ಎಫ್ 100-400ರದ್ದು 400 ಭಾಗಿಸು 8, ಅಂದರೆ 50 ಎಂಎಂ. ಹತ್ತಿರ ಹತ್ತಿರ ಒಂದೇ. ದೂರದ ಒಂದೇ ಹಕ್ಕಿಯನ್ನು ಒಂದೇ ಷಟರ್ ಸ್ಪೀಡಿನಲ್ಲಿ ತೆಗೆದರೆ, ಆ ಹಕ್ಕಿಯಿಂದ ಎರಡೂ ಕ್ಯಾಮೆರಾ ಹಿಡಿಯುವ ಬೆಳಕು ಹೆಚ್ಚುಕಮ್ಮಿ ಅಷ್ಟೇ. ಸೂಕ್ಷ್ಮ ವಿವರಕ್ಕೂ ಇದೇ ಮಿತಿ: 50 ಎಂಎಂ ಕಿಂಡಿಯಲ್ಲಿ 100 ಮೀಟರ್ ಆಚೆಯ ಹಕ್ಕಿಯ ಮೇಲೆ ಸುಮಾರು 1.3 ಎಂಎಂಗಿಂತ ಸಣ್ಣದು ಬಿಡಿಸಿಕೊಂಡು ಕಾಣುವುದಿಲ್ಲ, ಜೂಮ್ ಎಷ್ಟೇ ಇರಲಿ. ನಿಕಾನ್‌ನದೇ ಪಿ1000ರ 3000 ಎಂಎಂ ಕೇಳಿ ಮರುಳಾಗಬೇಡಿ. ಅದರ ಕಿಂಡಿ 67 ಎಂಎಂ, ಪಿ950ಗಿಂತ ವಿವರ ಹೆಚ್ಚೆಂದರೆ ನಾಲ್ಕನೇ ಒಂದು ಭಾಗ ಜಾಸ್ತಿ.

ಹಾಗಾಗಿ ಹದಿನಾರು ಕೆರೆಯಲ್ಲಿ ನೀರಿನ ನಡುವೆ ಸುಮ್ಮನೆ ಕೂತ ಹೆಬ್ಬಾತಿಗೆ, ಬೆಳಗಿನ ಒಳ್ಳೆ ಬೆಳಕಲ್ಲಿ, ಪಿ950 ಸೋಲುವುದಿಲ್ಲ. ಆರ್50ರ 24 ಮೆಗಾಪಿಕ್ಸೆಲ್ ಚಿತ್ರವನ್ನು 2000 ಎಂಎಂ ನೋಟಕ್ಕೆ ಕ್ರಾಪ್ ಮಾಡಿದರೆ ಉಳಿಯೋದು ಎರಡೂವರೆ ಮೆಗಾಪಿಕ್ಸೆಲ್. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಅಲೆಯಾಡುತ್ತದೆ, ಆಗ ಎರಡೂ ಮಸುಕು.

ಹಕ್ಕಿ ಹತ್ತಿರ ಇದ್ದಾಗ ಆಟ ಬದಲಾಗುತ್ತದೆ. 640ರ ನೋಟ ಸಾಕು ಅನ್ನೋಣ. ಪಿ950 ಅಲ್ಲಿ ನಿಜವಾಗಿ 114 ಎಂಎಂನಲ್ಲಿರುತ್ತದೆ. ಎಫ್/5 ಅಂತಲೇ ಇಟ್ಟುಕೊಂಡರೂ ಕಿಂಡಿ 23 ಎಂಎಂ. ಕ್ಯಾನನ್‌ದು ಅದೇ 50. ವಿಸ್ತೀರ್ಣದಲ್ಲಿ ನಾಲ್ಕೈದು ಪಟ್ಟು ಬೆಳಕು. ಮೋಡದ ದಿನ ಗರಿಗಳ ಗೆರೆ ಉಳಿಯೋದಕ್ಕೂ ಕಲಸಿಹೋಗೋದಕ್ಕೂ ಇದೇ ಕಾರಣ.

ಶ್ರೀರಂಗಪಟ್ಟಣ_ದೋಣಿ:
ಮೇಲಿನ ಲೆಕ್ಕ ಸರಿಯಾಗಿದೆ. ಅದಕ್ಕೇ ರಂಗನತಿಟ್ಟಿಗೆ ನನ್ನ ಓಟು ಮಿರರ್‌ಲೆಸ್‌ಗೆ. ದೋಣಿ ಬಂಡೆಗಳ ಪಕ್ಕದಲ್ಲೇ ಹೋಗುತ್ತೆ ಕಣ್ರೀ, ಬಣ್ಣದ ಕೊಕ್ಕರೆಗೆ 640 ಬೇಕಾದಷ್ಟಾಯ್ತು, ಎಷ್ಟೋ ಸಲ 300ಕ್ಕೆ ಇಳಿಸಬೇಕಾಗುತ್ತೆ. ಅಲ್ಲಾಡೋ ದೋಣಿಯಲ್ಲಿ 2000 ಎಂಎಂ ಹಾಕಿದರೆ ಹಕ್ಕಿ ಫ್ರೇಮಿನೊಳಗೇ ನಿಲ್ಲಲ್ಲ. ವಿಆರ್ ಕೈ ನಡುಕವನ್ನು ತಡೆಯುತ್ತೆ, ದೋಣಿಯ ತೂಗಾಟವನ್ನಲ್ಲ.

ದೊಡ್ಡ ವ್ಯತ್ಯಾಸ ಫೋಕಸ್‌ನಲ್ಲಿ. ಪಿ950 ಕಾಂಟ್ರಾಸ್ಟ್ ನೋಡಿ ಫೋಕಸ್ ಮಾಡುತ್ತೆ: ಹಿಂದೆ ಮುಂದೆ ಹುಡುಕಿ ನಿಲ್ಲಬೇಕು. ಕೂತ ಮಿಂಚುಳ್ಳಿಗೆ ತೊಂದರೆ ಇಲ್ಲ. ನೀರಿಗೆ ಧುಮುಕುವ ರಿವರ್ ಟರ್ನ್ ಹಕ್ಕಿಗೆ ಆಗಲ್ಲ. ಜೊತೆಗೆ ಒಂದು ಬರ್ಸ್ಟ್ (ಒಂದರ ಹಿಂದೊಂದು ಸರಣಿ ಚಿತ್ರ) ಹೊಡೆದ ಮೇಲೆ ಕಾರ್ಡಿಗೆ ಬರೆದು ಮುಗಿಯೋವರೆಗೆ ಕಾಯಬೇಕು. ಆರ್50ರಲ್ಲಿ ಹೀಗೆ ಇಡಿ: ಸರ್ವೋ ಎಎಫ್ (ಚಲಿಸೋದನ್ನು ಬಿಡದೆ ಹಿಂಬಾಲಿಸುವ ಫೋಕಸ್), ಗುರುತಿಸುವ ವಸ್ತು 'ಪ್ರಾಣಿಗಳು' (ಹಕ್ಕಿಯೂ ಅದರಲ್ಲೇ ಬರುತ್ತೆ), ಕಣ್ಣಿನ ಗುರುತು ಆನ್, ಷಟರ್ ಸ್ಪೀಡ್ ಹಾರುವುದಕ್ಕೆ 1/2000, ಕೂತದ್ದಕ್ಕೆ 1/500, ಆಟೋ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಮಿತಿ 6400. ಎಲೆಕ್ಟ್ರಾನಿಕ್ ಷಟರ್ ಬೇಡ, ಬಡಿಯುವ ರೆಕ್ಕೆ ಸೊಟ್ಟಗೆ ಬರುತ್ತೆ. 'ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್' ಷಟರ್‌ನಲ್ಲೇ ಇರಲಿ, ಸೆಕೆಂಡಿಗೆ 12 ಚಿತ್ರ ಸಿಗುತ್ತೆ. ರಾ (ಸಂಸ್ಕರಿಸದ ದೊಡ್ಡ ಫೈಲ್) ಇಟ್ಟರೆ ಬಫರ್ ಬೇಗ ತುಂಬುತ್ತೆ, ಸಿ-ರಾ (ಕುಗ್ಗಿಸಿದ ರಾ) ಇಟ್ಟು ಚಿಕ್ಕ ಚಿಕ್ಕ ಬರ್ಸ್ಟ್ ಹೊಡೀರಿ.

ಕೊಕ್ಕರೆ ಬೆಳ್ಳೂರಲ್ಲಿ ಗೂಡುಗಳು ಊರೊಳಗಿನ ಹುಣಸೆಮರಗಳ ಮೇಲೇ ಇರೋದರಿಂದ ದೂರ ಸಮಸ್ಯೆಯೇ ಅಲ್ಲ, ಎಕ್ಸ್‌ಪೋಷರ್ ಸಮಸ್ಯೆ. ಹಿಂದೆ ಬಿಳಿ ಆಕಾಶ ಇದ್ದರೆ ಹೆಜ್ಜಾರ್ಲೆ ಕಪ್ಪಾಗುತ್ತೆ, ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರದ ಬೆಳಕು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) +1 ಕೊಡಿ. ಹಿಂದೆ ಕತ್ತಲೆ ಎಲೆ, ಮುಂದೆ ಬಿಸಿಲು ಬಿದ್ದ ಬಣ್ಣದ ಕೊಕ್ಕರೆ ಇದ್ದರೆ −0.7. ಇಲ್ಲದಿದ್ದರೆ ಬೆನ್ನಿನ ಬಿಳಿ ಸುಟ್ಟುಹೋಗಿ ಆ ತಿಳಿಗುಲಾಬಿ ಗರಿಯೂ ಪೇಲವವಾಗುತ್ತೆ. ದಯವಿಟ್ಟು ಹಕ್ಕಿ ಎಬ್ಬಿಸೋಕೆ ಚಪ್ಪಾಳೆ ತಟ್ಟಬೇಡಿ. ಮರಿ ಇರೋ ಗೂಡು ಅದು.

ಕುಕ್ಕರಹಳ್ಳಿ_ದಂಡೆ:
ತುಂಬಾ ಉಪಕಾರ ಆಯ್ತು. ತೂಕ, ಧೂಳು ಹೇಗೆ? ಸೆಕೆಂಡ್ ಹ್ಯಾಂಡ್ ಪಿ950 ಸಿಕ್ಕರೆ ಏನು ನೋಡಬೇಕು? ಮನೆಯಲ್ಲಿ ಚಂದ್ರನ ಫೋಟೋನೂ ಬೇಕು ಅಂತಾರೆ.

ಲಿಂಗಾಂಬುಧಿ_ಬೆಳಗು:
ತೂಕದಲ್ಲಿ ಗೆಲುವು ಸೋಲು ಇಲ್ಲ. ಪಿ950 ಸುಮಾರು 1005 ಗ್ರಾಂ. ಆರ್50 375, ಲೆನ್ಸ್ 635, ಒಟ್ಟು 1010.

ಧೂಳು ಎರಡಕ್ಕೂ ಇದೆ, ಬೇರೆ ಬೇರೆ ರೀತಿ. ಆರ್50ರಲ್ಲಿ ಲೆನ್ಸ್ ತೆಗೆದರೆ ಸೆನ್ಸರ್ ಬಯಲಿಗೆ ಬೀಳುತ್ತದೆ. ಆಫ್ ಮಾಡಿ, ಬಾಯಿ ಕೆಳಗೆ ಹಿಡಿದು, ಗಾಳಿಗೆ ಬೆನ್ನು ಮಾಡಿ ಬದಲಿಸಿ. ಬಿದ್ದ ಧೂಳನ್ನು ಬ್ಲೋವರ್‌ನಿಂದ ಹೊಡೆಯಬಹುದು. ಸೂಪರ್ ಜೂಮ್‌ನ ಕೊಳವೆ ಪ್ರತಿ ಸಲ ಹೊರಗೆ ಬಂದು ಒಳಗೆ ಹೋಗುವಾಗ ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಒಳಗೆ ಕೂತರೆ ಬಿಚ್ಚಿಯೇ ತೆಗೆಯಬೇಕು.

ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಮೊದಲು ಇದನ್ನು ಪರೀಕ್ಷಿಸಿ: ಪೂರ್ತಿ ಜೂಮ್ ಮಾಡಿ, ಅಪರ್ಚರ್ ಎಫ್/8ಕ್ಕೆ ಇಳಿಸಿ, ಬರೀ ಆಕಾಶದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೂದು ಚುಕ್ಕೆ ಕಂಡರೆ ಅದು ಧೂಳು. ಆಮೇಲೆ ಕೊಳವೆ ಪೂರ್ತಿ ಹೊರಗಿರುವಾಗ ಮೆಲ್ಲಗೆ ಅಲ್ಲಾಡಿಸಿ ಸಡಿಲ ನೋಡಿ, ಜೂಮ್ ಮೋಟರ್ ಕರಕರ ಅನ್ನುತ್ತಾ ಕೇಳಿ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಜೇಡರಬಲೆಯಂಥ ಫಂಗಸ್ ಹುಡುಕಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಕಡ್ಡಾಯ.

ತಗೊಂಡ ಮೇಲೆ ಪಿ950ರ ಡಿಜಿಟಲ್ ಜೂಮ್ ಮೊದಲು ಆಫ್ ಮಾಡಿ. ಐಎಸ್‌ಒ 800 ದಾಟಿಸಬೇಡಿ. ಹಕ್ಕಿ ಫ್ರೇಮಿನಿಂದ ತಪ್ಪಿಸಿಕೊಂಡರೆ ಲೆನ್ಸ್ ಪಕ್ಕದ ಸ್ನ್ಯಾಪ್‌ಬ್ಯಾಕ್ ಗುಂಡಿ ಒತ್ತಿ ಹಿಡಿಯಿರಿ: ನೋಟ ಅಗಲವಾಗುತ್ತದೆ, ಹಕ್ಕಿಯನ್ನು ನಡುವೆ ತಂದು ಬಿಟ್ಟರೆ ಹಳೆಯ ಜೂಮ್‌ಗೆ ಮರಳುತ್ತದೆ.

ಚಂದ್ರನಿಗಂತೂ ಪಿ950ಯೇ. 2000 ಎಂಎಂನಲ್ಲಿ ಹುಣ್ಣಿಮೆ ಚಂದ್ರ ಫ್ರೇಮಿನ ಎತ್ತರದ ಮುಕ್ಕಾಲಿಗೆ ಸ್ವಲ್ಪ ಕಮ್ಮಿ ತುಂಬುತ್ತಾನೆ. ಟ್ರೈಪಾಡ್, ವಿಆರ್ ಆಫ್, ಐಎಸ್‌ಒ 100, ಎಫ್/6.5, 1/250, ಎರಡು ಸೆಕೆಂಡ್ ಟೈಮರ್.

ಗಾಜಿನ_ಲೆಕ್ಕ:
ಒಂದು ಸೇರಿಸುತ್ತೇನೆ. ಲೆನ್ಸ್ ಬದಲಿಸೋ ಗೋಜೇ ಬೇಡ, ಆದರೆ ಫೋಕಸ್ ಚುರುಕಾಗಿರಬೇಕು ಅಂದರೆ ಹಳೆಯ ಸೋನಿ ಆರ್‌ಎಕ್ಸ್10 ಮಾರ್ಕ್ 4 ಹುಡುಕಿ. 2017ರದ್ದು, ಒಂದಿಂಚಿನ ಸೆನ್ಸರ್, ಹಿಂದೆ ಮುಂದೆ ಹುಡುಕದೆ ನೇರ ಹೋಗುವ ಫೇಸ್ ಡಿಟೆಕ್ಷನ್ ಫೋಕಸ್, 600 ಎಂಎಂ ನೋಟದಲ್ಲಿ ಎಫ್/4. ನಿಜವಾದ 220 ಭಾಗಿಸು 4, ಅಲ್ಲೂ ಕಿಂಡಿ 55. ನಿಮ್ಮ ಪಟ್ಟಿಯಲ್ಲಿ ಹಾರುವ ಹಕ್ಕಿ, ಮೋಡದ ಬೆಳಗು ಇದ್ದರೆ ಆರ್50ಗೇ ಹೋಗಿ. ಮುಂದೆ ಕಿಂಡಿ ಅಗಲಿಸುವ ದಾರಿ ಮಿರರ್‌ಲೆಸ್‌ನಲ್ಲಿ ಮಾತ್ರ ತೆರೆದಿರುತ್ತದೆ: ಕ್ಯಾನನ್‌ನ ಆರ್‌ಎಫ್ 200-800ರಂಥ ಲೆನ್ಸಿನಲ್ಲಿ ಅದು 89 ಎಂಎಂ, ಬೆಳಕು ಮೂರು ಪಟ್ಟು. ತೂಕ ಮಾತ್ರ ಎರಡು ಕೆಜಿ ದಾಟುತ್ತದೆ.