ಕಾನೂನು ಕಾಲೇಜಿನ ವಾರ್ತಾಪತ್ರ: ‘ನೇಮಕ’ ಎಂದು ಬರೆಯುವುದು ಯಾವಾಗ, ‘ಶಿಫಾರಸು’ ಎಂದು ಬರೆಯುವುದು ಯಾವಾಗ?

ಕರಡುಪ್ರತಿ ಕೇಳಿದ್ದು:

ಕಾನೂನು ಕಾಲೇಜಿನ ತ್ರೈಮಾಸಿಕ ವಾರ್ತಾಪತ್ರಕ್ಕೆ ಸಾಧನೆಗಳ ಪುಟ ಸಿದ್ಧವಾಗುತ್ತಿದೆ. ಹಳೆಯ ವಿದ್ಯಾರ್ಥಿಗಳು, ಅಧ್ಯಾಪಕರು, ಈಗ ಓದುತ್ತಿರುವವರು, ಮೂರೂ ಕಡೆಯಿಂದ ಸುದ್ದಿ ಬಂದಿದೆ. ಬಹುಪಾಲು ವಾಟ್ಸ್‌ಆ್ಯಪ್ ಫಾರ್ವರ್ಡ್. ಅನುಮಾನ ಇರುವ ಸಾಲುಗಳನ್ನು ಬಂದ ಹಾಗೇ ಹಾಕಿದ್ದೇನೆ:

1. “ನಮ್ಮ ಹಳೆಯ ವಿದ್ಯಾರ್ಥಿ ಹೈಕೋರ್ಟ್ ನ್ಯಾಯಮೂರ್ತಿಯಾಗಿ ನೇಮಕ” (ಕೈಯಲ್ಲಿರುವುದು ಹಿರಿಯ ನ್ಯಾಯಮೂರ್ತಿಗಳ ಸಮಿತಿಯಾದ ಕೊಲಿಜಿಯಂನ ನಿರ್ಣಯದ ಪ್ರತಿ ಮಾತ್ರ)
2. “ನಾಲ್ವರು ಸಿವಿಲ್ ನ್ಯಾಯಮೂರ್ತಿಗಳಾಗಿ ಆಯ್ಕೆ”
3. “ಖ್ಯಾತ ಕ್ರಿಮಿನಲ್ ವಕೀಲರಾದ ನಮ್ಮ ಹಳೆಯ ವಿದ್ಯಾರ್ಥಿ ಬಹುಚರ್ಚಿತ ಪ್ರಕರಣದಲ್ಲಿ ಆರೋಪಿಗೆ ಖುಲಾಸೆ ಕೊಡಿಸಿದರು”
4. “ಅಧ್ಯಾಪಕರ ಲೇಖನ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಉಲ್ಲೇಖ”
5. “ಅಂತರರಾಷ್ಟ್ರೀಯ ಮೂಟ್‌ನಲ್ಲಿ ಅಮೋಘ ಸಾಧನೆ” (ಮೂಟ್ ಎಂದರೆ ಅಣಕು ನ್ಯಾಯಾಲಯ ಸ್ಪರ್ಧೆ)

ಯಾವುದನ್ನು ಹೇಗೆ ತಿದ್ದಬೇಕು, ಯಾವ ದಾಖಲೆ ಕೇಳಬೇಕು?

---

ಕಪ್ಪುಗೌನು ಉತ್ತರ:

ಮೊದಲ ಸಾಲು ಈಗಿರುವಂತೆ ತಪ್ಪು. ಕೊಲಿಜಿಯಂ ಶಿಫಾರಸು ಮಾಡುತ್ತದೆ, ನೇಮಕ ಮಾಡುವುದು ರಾಷ್ಟ್ರಪತಿ, ಸಂವಿಧಾನದ 217ನೇ ವಿಧಿಯಡಿ. ಶಿಫಾರಸಿನ ಕಡತ ಸರ್ಕಾರದ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತದ್ದುಂಟು, ಮರುಪರಿಶೀಲನೆಗೆ ವಾಪಸ್ ಬಂದದ್ದೂ ಉಂಟು. ಕೇಂದ್ರ ಕಾನೂನು ಸಚಿವಾಲಯದ ನ್ಯಾಯ ಇಲಾಖೆಯ ಅಧಿಸೂಚನೆ ಹೊರಬಿದ್ದ ಮೇಲೆ ‘ನೇಮಕ’ ಎನ್ನಿ. 219ನೇ ವಿಧಿಯಂತೆ ರಾಜ್ಯಪಾಲರ ಮುಂದೆ ಅಥವಾ ಅವರು ನೇಮಿಸಿದವರ ಮುಂದೆ ಪ್ರಮಾಣವಚನ ಆದ ಮೇಲೆ ‘ಅಧಿಕಾರ ಸ್ವೀಕಾರ’ ಎನ್ನಿ. ಅಲ್ಲಿಯವರೆಗೆ ಹೆಸರಿನ ಹಿಂದೆ ‘ನ್ಯಾಯಮೂರ್ತಿ’ ಸೇರಿಸುವಂತಿಲ್ಲ. ಅವರು ಆ ದಿನದವರೆಗೂ ವಕೀಲರೇ.

ಅಧಿಸೂಚನೆಯಲ್ಲಿ ‘ಹೆಚ್ಚುವರಿ ನ್ಯಾಯಮೂರ್ತಿ’ ಎಂದಿದೆಯೇ ನೋಡಿ. 224ನೇ ವಿಧಿಯಡಿಯ ಆ ನೇಮಕ ಗರಿಷ್ಠ ಎರಡು ವರ್ಷದ್ದು. ಕಾಯಂ ಆಗುವುದು ಮುಂದೆ ಬೇರೆಯದೇ ಸುದ್ದಿ. ಈಗಲೇ ಬರೀ ‘ನ್ಯಾಯಮೂರ್ತಿ’ ಎಂದು ಹಾಕಿಬಿಟ್ಟರೆ ಆಗ ಬರೆಯಲು ಏನೂ ಉಳಿಯುವುದಿಲ್ಲ.

ತಿದ್ದಿದ ಸಾಲು ಹೀಗಿರಲಿ: “ಹಳೆಯ ವಿದ್ಯಾರ್ಥಿ ಶ್ರೀ … ಅವರ ಹೆಸರನ್ನು ಹೈಕೋರ್ಟ್ ನ್ಯಾಯಮೂರ್ತಿ ಹುದ್ದೆಗೆ ಸುಪ್ರೀಂ ಕೋರ್ಟ್ ಕೊಲಿಜಿಯಂ ಶಿಫಾರಸು ಮಾಡಿದೆ. ನೇಮಕದ ಅಧಿಸೂಚನೆ ಇನ್ನೂ ಬಂದಿಲ್ಲ.” ನನ್ನನ್ನು ಕೇಳಿದರೆ, ತ್ರೈಮಾಸಿಕಕ್ಕೆ ಅವಸರವೇನಿಲ್ಲ. ಮುಂದಿನ ಸಂಚಿಕೆಗೆ ಹಿಡಿದಿಟ್ಟುಕೊಳ್ಳುವುದೇ ಜಾಣತನ.

ಎರಡನೆಯ ಸಾಲಿನ ತಪ್ಪು ಕನ್ನಡ ಪತ್ರಿಕೆಗಳಲ್ಲೂ ದಿನಾ ಕಾಣುತ್ತದೆ. ‘ನ್ಯಾಯಮೂರ್ತಿ’ ಹೈಕೋರ್ಟ್, ಸುಪ್ರೀಂ ಕೋರ್ಟ್‌ನವರಿಗೆ. ಜಿಲ್ಲಾ ಮತ್ತು ಅಧೀನ ನ್ಯಾಯಾಲಯದವರು ‘ನ್ಯಾಯಾಧೀಶರು’. ಹಾಗಾಗಿ ‘ಸಿವಿಲ್ ನ್ಯಾಯಾಧೀಶರು’. ‘ಆಯ್ಕೆ’ ಪದ ಸರಿ, ಆದರೆ ಯಾವ ಪಟ್ಟಿ ನೋಡಿ ಬರೆದದ್ದು? ಪೂರ್ವಭಾವಿ ಪರೀಕ್ಷೆ ಮುಗಿಸಿ ಮುಖ್ಯ ಪರೀಕ್ಷೆಗೆ ಅರ್ಹರಾದವರ ಪಟ್ಟಿಯೂ ‘ಸೆಲೆಕ್ಟೆಡ್’ ಎಂಬ ಹೆಸರಲ್ಲೇ ಫಾರ್ವರ್ಡ್ ಆಗುತ್ತದೆ. ಸಂದರ್ಶನದ ನಂತರದ ಪಟ್ಟಿ ಎಂದು ಖಾತ್ರಿಯಾದರೆ ‘ಆಯ್ಕೆ’, ನೇಮಕಾತಿ ಆದೇಶ ಬಂದರೆ ‘ನೇಮಕ’. ನೋಂದಣಿ ಸಂಖ್ಯೆ ತರಿಸಿಕೊಂಡು ಹೈಕೋರ್ಟ್ ಜಾಲತಾಣದ ಪಿಡಿಎಫ್‌ನಲ್ಲಿ ಹುಡುಕಿ. ಹೆಸರಿನಿಂದ ಹುಡುಕಿದರೆ ಒಂದೇ ಹೆಸರಿನವರು ಮೂರು ಜನ ಸಿಗುತ್ತಾರೆ.

ಮೂರನೆಯದನ್ನು ಹಾಕಲೇಬೇಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36 ವಕೀಲರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಜಾಹೀರಾತು ಮಾಡಿಕೊಳ್ಳುವುದನ್ನು ತಡೆಯುತ್ತದೆ. ತಾವು ನಡೆಸಿದ ಪ್ರಕರಣದ ಬಗ್ಗೆ ಪತ್ರಿಕೆಗೆ ಬರೆಸುವುದು, ಅದಕ್ಕೆ ಸಂಬಂಧಿಸಿ ಫೋಟೊ ಪ್ರಕಟವಾಗುವಂತೆ ಕೊಡುವುದು ಎರಡೂ ಅದರಲ್ಲೇ ಸೇರಿವೆ. ಪ್ರಕಟಿಸುವುದು ಕಾಲೇಜೇ ಆದರೂ ಮಾಹಿತಿ, ಫೋಟೊ ಕೊಟ್ಟವರು ಆ ವಕೀಲರೇ ತಾನೆ? ಸನ್ಮಾನ ಮಾಡಲು ಹೋಗಿ ಅವರ ಮೇಲೆ ಶಿಸ್ತುಸಮಿತಿಗೆ ದೂರು ಕೊಡುವವರ ಕೈಗೆ ಸಾಕ್ಷ್ಯ ಕೊಟ್ಟಂತಾಗುತ್ತದೆ. ಮೇಲ್ಮನವಿಯ ಅವಧಿ ಮುಗಿಯದಿದ್ದರೆ ‘ಖುಲಾಸೆ ಕೊಡಿಸಿದರು’ ಎಂಬುದು ಅಂತಿಮ ಮಾತೂ ಅಲ್ಲ.

ಹುದ್ದೆ, ಪದನಾಮ, ಪುಸ್ತಕ, ಬೋಧನೆ ಇವುಗಳ ಸುದ್ದಿ ಹಾಕಲು ಅಡ್ಡಿಯಿಲ್ಲ. ‘ಖ್ಯಾತ’, ‘ಕ್ರಿಮಿನಲ್ ಪ್ರಕರಣಗಳ ತಜ್ಞ’ ಎಂಬ ವಿಶೇಷಣ, ಕಚೇರಿ ವಿಳಾಸ, ಮೊಬೈಲ್ ಸಂಖ್ಯೆ ಬೇಡ.

ಇದೇ ಸಂದರ್ಭದಲ್ಲಿ ಇನ್ನೊಂದು: ‘ಹಿರಿಯ ವಕೀಲ’. ಕನ್ನಡದಲ್ಲಿ ತಲೆ ನರೆತ ವಕೀಲರನ್ನೆಲ್ಲ ಹಾಗೆ ಕರೆಯುವ ರೂಢಿ. ಆದರೆ 1961ರ ವಕೀಲರ ಕಾಯ್ದೆಯ 16ನೇ ಸೆಕ್ಷನ್ ಅಡಿ ಅದು ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಕೊಡುವ ಪದನಾಮ. ಯಾವ ಕೋರ್ಟ್, ಯಾವ ದಿನಾಂಕ ಎಂದು ಹೇಳಲಾಗದಿದ್ದರೆ ಆ ಪದ ಬಳಸಬೇಡಿ. ‘ಅಡ್ವೊಕೇಟ್ ಆನ್ ರೆಕಾರ್ಡ್’ (ಸುಪ್ರೀಂ ಕೋರ್ಟ್‌ನಲ್ಲಿ ಪ್ರಕರಣ ದಾಖಲಿಸುವ ಅಧಿಕಾರವಿರುವ ವಕೀಲ) ಕೂಡ ಹಾಗೇ. ನಾಲ್ಕು ಪತ್ರಿಕೆಗಳ ಪರೀಕ್ಷೆ ಪಾಸಾದದ್ದು ಒಂದು ಹಂತ. ಕೋರ್ಟ್‌ನಿಂದ 16 ಕಿಲೋಮೀಟರ್ ಒಳಗೆ ದೆಹಲಿಯಲ್ಲಿ ಕಚೇರಿ, ನೋಂದಾಯಿತ ಗುಮಾಸ್ತರನ್ನು ಇಟ್ಟುಕೊಳ್ಳುವ ಮುಚ್ಚಳಿಕೆ, ಆಮೇಲೆ ನೋಂದಣಿ. ಪರೀಕ್ಷೆ ಮಾತ್ರ ಆಗಿದ್ದರೆ “ಪರೀಕ್ಷೆಯಲ್ಲಿ ತೇರ್ಗಡೆ” ಎಂದಷ್ಟೇ.

---

ಮೆಮೋರಿಯಲ್_ಪುಟ ಉತ್ತರ:

ಐದನೆಯ ಸಾಲಿನಲ್ಲಿ ‘ಅಮೋಘ’ ತೆಗೆದರೆ ಏನು ಉಳಿಯುತ್ತದೆ? ಏನೂ ಇಲ್ಲ. ತಂಡದಿಂದ ಇಷ್ಟು ತರಿಸಿಕೊಳ್ಳಿ: ಸ್ಪರ್ಧೆಯ ಪೂರ್ಣ ಹೆಸರು ಮತ್ತು ಆವೃತ್ತಿ, ರಾಷ್ಟ್ರೀಯ ಸುತ್ತೋ ಅಂತರರಾಷ್ಟ್ರೀಯ ಸುತ್ತೋ, ಯಾವ ಹಂತದವರೆಗೆ, ಎಷ್ಟು ತಂಡಗಳಲ್ಲಿ, ವಾದ ಮಂಡಿಸಿದವರು ಯಾರು, ಸಂಶೋಧಕರು ಯಾರು, ತರಬೇತಿ ಕೊಟ್ಟವರು ಯಾರು.

ಎಡವುವುದು ‘ಅಂತರರಾಷ್ಟ್ರೀಯ’ ಎಂಬಲ್ಲಿ. ಜೆಸಪ್ ಮೂಟ್ ಅಂತರರಾಷ್ಟ್ರೀಯ ಸ್ಪರ್ಧೆ ನಿಜ, 1960ರಿಂದ ನಡೆಯುತ್ತಿದೆ. ಆದರೆ ಭಾರತದ ತಂಡಗಳು ಮೊದಲು ಇಲ್ಲಿನ ಅರ್ಹತಾ ಸುತ್ತು ದಾಟಬೇಕು. ಅಲ್ಲಿ ಕ್ವಾರ್ಟರ್ ಫೈನಲ್ ತಲುಪಿದ್ದನ್ನು “ಜೆಸಪ್ ಕ್ವಾರ್ಟರ್ ಫೈನಲಿಸ್ಟ್” ಎಂದು ಬರೆದರೆ ಗೊತ್ತಿದ್ದವರು ನಗುತ್ತಾರೆ. “ಜೆಸಪ್ ಸ್ಪರ್ಧೆಯ ಭಾರತದ ಅರ್ಹತಾ ಸುತ್ತಿನಲ್ಲಿ ಕ್ವಾರ್ಟರ್ ಫೈನಲ್” ಎಂದರೆ ಮರ್ಯಾದೆ ಕಡಿಮೆಯಾಗುವುದಿಲ್ಲ.

‘ಬೆಸ್ಟ್ ಮೆಮೋರಿಯಲ್’ ಲಿಖಿತ ವಾದಕ್ಕೆ ಬರುವ ಬಹುಮಾನ, ಇಡೀ ತಂಡದ್ದು. ‘ಬೆಸ್ಟ್ ಸ್ಪೀಕರ್’ ಒಬ್ಬರದು. ಸಂಶೋಧಕರ ಹೆಸರು ಬಿಟ್ಟುಹೋಗುವುದು ಎಲ್ಲ ಕಾಲೇಜಿನ ರೋಗ. ಪೋಡಿಯಂ ಮುಂದೆ ನಿಂತವರ ಫೋಟೊ ಮಾತ್ರ ಸಿಗುತ್ತದಲ್ಲ, ಅದಕ್ಕೇ.

ಯಾವಾಗ ಪ್ರಕಟಿಸಬೇಕು ಎಂಬುದೂ ಮುಖ್ಯ. ಬಹಳಷ್ಟು ಮೂಟ್‌ಗಳಲ್ಲಿ ತಂಡ ಯಾವ ಕಾಲೇಜಿನದೆಂದು ನ್ಯಾಯಪೀಠಕ್ಕೆ ತಿಳಿಯಬಾರದು, ಸಂಕೇತ ಸಂಖ್ಯೆ ಮಾತ್ರ. ಸುತ್ತುಗಳು ನಡೆಯುತ್ತಿರುವಾಗ ಕಾಲೇಜಿನ ಪುಟದಲ್ಲಿ ಸಂಕೇತದ ಬ್ಯಾಡ್ಜ್ ಕಾಣುವ ಫೋಟೊ ಹಾಕಿದರೆ ಅಂಕ ಕಡಿತ, ಅನರ್ಹತೆಯವರೆಗೂ ಹೋಗಬಹುದು. ರಾಷ್ಟ್ರೀಯ ಸುತ್ತು ಗೆದ್ದು ಮುಂದೆ ಹೋಗುವ ತಂಡದ ಮೆಮೋರಿಯಲ್ ಅನ್ನು “ಓದಿ ಆನಂದಿಸಿ” ಎಂದು ಏರಿಸಲೂ ಬೇಡಿ, ಎದುರಾಳಿಗಳೂ ಓದುತ್ತಾರೆ.

---

ಅಡಿಟಿಪ್ಪಣಿ ಉತ್ತರ:

ನಾಲ್ಕನೆಯ ಸಾಲಿಗೆ ತೀರ್ಪಿನ ಪ್ರತಿ ತೆರೆದೇ ನೋಡಬೇಕು. ‘ಉಲ್ಲೇಖ’ ಎಂದು ಬರುವ ಸುದ್ದಿ ಮೂರು ಬಗೆ. ಪೀಠ ತನ್ನ ತರ್ಕಕ್ಕೆ ಲೇಖನವನ್ನು ಆಧರಿಸಿರಬಹುದು. ಅಡಿಟಿಪ್ಪಣಿಯಲ್ಲಿ ಹತ್ತರ ಜೊತೆ ಹನ್ನೊಂದನೆಯದಾಗಿ ಬಂದಿರಬಹುದು. ಇಲ್ಲವೇ ಒಂದು ಪಕ್ಷದ ವಕೀಲರು ಲೇಖನ ತೋರಿಸಿದರೆಂದು ಅವರ ವಾದದ ಸಾರಾಂಶದಲ್ಲಿ ದಾಖಲಾಗಿರಬಹುದು, ಪೀಠ ಆ ವಾದವನ್ನೇ ತಳ್ಳಿಹಾಕಿದ್ದೂ ಇರಬಹುದು. ಭಿನ್ನಮತದ ತೀರ್ಪಿನಲ್ಲಿದ್ದರೆ ಅದನ್ನೂ ಹೇಳಿ. ಪ್ರಕರಣದ ಹೆಸರು, ತಟಸ್ಥ ಉಲ್ಲೇಖ ಸಂಖ್ಯೆ (ಕೋರ್ಟೇ ತೀರ್ಪಿಗೆ ಕೊಡುವ ಗುರುತು, ಸುಪ್ರೀಂ ಕೋರ್ಟ್‌ನದು ‘ಐಎನ್‌ಎಸ್‌ಸಿ’ ಎಂದಿರುತ್ತದೆ), ಪ್ಯಾರಾ ಸಂಖ್ಯೆ ಕೊಟ್ಟರೆ ಮುಗಿಯಿತು.

ಅಧ್ಯಾಪಕರ ಪ್ರಕಟಣೆಗಳ ಪಟ್ಟಿಯೂ ಬಂದೇ ಬಂದಿರುತ್ತದೆ. ಐಎಸ್‌ಎಸ್‌ಎನ್ ಇಡೀ ನಿಯತಕಾಲಿಕದ ಗುರುತು, ಲೇಖನದ್ದಲ್ಲ. ಗುಣಮಟ್ಟದ ಮುದ್ರೆ ಅಂತೂ ಅಲ್ಲವೇ ಅಲ್ಲ. ಸಂಪಾದಿತ ಗ್ರಂಥದಲ್ಲಿ ಒಂದು ಅಧ್ಯಾಯ ಬರೆದವರು “ಪುಸ್ತಕ ಪ್ರಕಟ, ಐಎಸ್‌ಬಿಎನ್ ಇಷ್ಟು” ಎಂದು ಕಳಿಸುತ್ತಾರೆ. ಅದನ್ನು “ಗ್ರಂಥದಲ್ಲಿ ಅಧ್ಯಾಯ, ಪುಟ ಇಷ್ಟರಿಂದ ಇಷ್ಟು” ಎಂದು ಇಳಿಸಿ. ‘ಸ್ವೀಕೃತ’ವಾದದ್ದು ‘ಪ್ರಕಟ’ ಅಲ್ಲ. ಪಿಎಚ್‌ಡಿ ವಿಷಯದಲ್ಲಿ ಪ್ರಬಂಧ ಸಲ್ಲಿಕೆ, ಮೌಖಿಕ ಪರೀಕ್ಷೆ, ವಿಶ್ವವಿದ್ಯಾಲಯದ ಅಧಿಸೂಚನೆ ಬೇರೆ ಬೇರೆ ಹಂತಗಳು. ಅಧಿಸೂಚನೆ ಬಂದ ಮೇಲೆ ‘ಡಾ.’ ಸೇರಿಸಿ.

---

ಕರಡುಪ್ರತಿ ಮತ್ತೆ:

ಎಲ್ಲರಿಗೂ ವಂದನೆ. ಮೂರನೆಯದನ್ನು ತೆಗೆದೆ. ಇನ್ನೆರಡು ಉಳಿದಿವೆ. “ಈ ಸಾಲಿನ ಇಪ್ಪತ್ತು ಪದವೀಧರರು ವಕೀಲರಾದರು” ಎಂಬ ಸಾಲು, ಜೊತೆಗೆ ಕಾನೂನು ನೆರವು ಕ್ಲಿನಿಕ್‌ನ ವಿದ್ಯಾರ್ಥಿಗಳು ಒಬ್ಬ ಬಾಲಕಿಗೆ ಪರಿಹಾರ ಕೊಡಿಸಲು ನೆರವಾದ ಸುದ್ದಿ. ಎರಡನೆಯದಕ್ಕೆ ಫೋಟೊ ಕೂಡ ಇದೆ.

---

ಕಪ್ಪುಗೌನು ಉತ್ತರ:

ಪದವಿ ಬಂದರೆ ವಕೀಲರಾಗುವುದಿಲ್ಲ. ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಬೇಕು, ಅಖಿಲ ಭಾರತ ವಕೀಲರ ಪರೀಕ್ಷೆಯೂ ಪಾಸಾಗಬೇಕು. ಇಪ್ಪತ್ತೂ ಜನ ನೋಂದಣಿ ಮಾಡಿಸಿದ್ದಾರೆಯೇ ಕೇಳಿ. ಎಷ್ಟು ಜನ ಮಾಡಿಸಿದ್ದಾರೋ ಅಷ್ಟೇ ಸಂಖ್ಯೆ ಹಾಕಿ.

ಬಾಲಕಿಯ ಫೋಟೊವನ್ನು ಪುಟದಿಂದ ತೆಗೆದರೆ ಸಾಲದು, ವಾಟ್ಸ್‌ಆ್ಯಪ್ ಗುಂಪಿನಿಂದಲೂ ಅಳಿಸಿ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣವಾದರೆ ಅದರ 23ನೇ ಸೆಕ್ಷನ್ ಹೆಸರು, ವಿಳಾಸ, ಫೋಟೊ, ಕುಟುಂಬ, ಶಾಲೆ, ನೆರೆಹೊರೆ, ಹೀಗೆ ಗುರುತು ಬಿಟ್ಟುಕೊಡುವ ಯಾವುದನ್ನೂ ಮಾಧ್ಯಮದಲ್ಲಿ ಪ್ರಕಟಿಸಲು ಬಿಡುವುದಿಲ್ಲ. ಅತ್ಯಾಚಾರದ ಸಂತ್ರಸ್ತರಿಗೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಕೂಡ ಇದೆ. ಮುಖ ಮಸುಕು ಮಾಡಿದರೆ ಸಾಕು ಅಂದುಕೊಳ್ಳುವವರು ಬಹಳ. ಹಳ್ಳಿಯ ಹೆಸರು, ತರಗತಿ, ತಂದೆಯ ಕಸುಬು ಮೂರನ್ನೂ ಒಟ್ಟಿಗೆ ಬರೆದರೆ ಊರಿಗೆಲ್ಲ ಗೊತ್ತಾಗುತ್ತದೆ. “ಕ್ಲಿನಿಕ್ ವಿದ್ಯಾರ್ಥಿಗಳ ನೆರವಿನಿಂದ ಒಂದು ಕುಟುಂಬಕ್ಕೆ ಪರಿಹಾರ” ಎಂದು ಬರೆದು, ಅರ್ಜಿ ಸಿದ್ಧಪಡಿಸಿದ ವಿದ್ಯಾರ್ಥಿಗಳ ಹೆಸರು ಹಾಕಿ. ಊರು, ಮೊತ್ತ, ದಿನಾಂಕ ಬೇಡ.

---

ಮೆಮೋರಿಯಲ್_ಪುಟ:

ಒಂದು ಸೇರಿಸುತ್ತೇನೆ. ‘ನಮ್ಮ ಹಳೆಯ ವಿದ್ಯಾರ್ಥಿ’ ಎನ್ನುವ ಮುನ್ನ ಪ್ರವೇಶ ದಾಖಲೆ ನೋಡಿ. ಎಲ್‌ಎಲ್‌ಬಿ ಒಂದು ಕಡೆ, ಎಲ್‌ಎಲ್‌ಎಂ ಇನ್ನೊಂದು ಕಡೆ ಮಾಡಿದವರು ದೊಡ್ಡ ಹುದ್ದೆಗೇರಿದಾಗ ಎರಡೂ ಕಾಲೇಜು ‘ನಮ್ಮವರು’ ಎನ್ನುತ್ತವೆ. ಎರಡೂ ನಿಜವೇ. ಕೋರ್ಸ್ ಮತ್ತು ತೇರ್ಗಡೆಯ ವರ್ಷ ಬರೆದರೆ ಜಗಳವಿಲ್ಲ. ‘ಇಂಥ ವರ್ಷದ ಬ್ಯಾಚ್’ ಎಂದರೆ ಸೇರಿದ ವರ್ಷವೋ ಮುಗಿಸಿದ ವರ್ಷವೋ ತಿಳಿಯುವುದಿಲ್ಲ, ಐದು ವರ್ಷದ ಕೋರ್ಸ್‌ನಲ್ಲಿ ಅದು ದೊಡ್ಡ ಅಂತರ.