ಕೆಂಪು ಎಗಿ

ಗ್ರೂಪ್: ನಮ್ಮ ಮನೆ, ಮಲ್ಪೆ

ರಮೇಶಣ್ಣ (ಫಾರ್ವರ್ಡ್ ಆದದ್ದು): ಬೊಂಡಾಸ್ (ಸ್ಕ್ವಿಡ್) ಹಿಡಿಯುವವರು ಗಮನಿಸಿ!! ಬೊಂಡಾಸ್‌ಗೆ ಕೆಂಪು ಬಣ್ಣ ಕಂಡರೆ ಹುಚ್ಚು. ಹಗಲು, ರಾತ್ರಿ, ಯಾವ ನೀರಿಗೂ ಕೆಂಪು ಎಗಿ (ಸಿಗಡಿ ಆಕಾರದ ಜಪಾನಿ ಗಾಳ) ಒಂದೇ ಸಾಕು. ಎಲ್ಲರಿಗೂ ಕಳಿಸಿ.

ರಮೇಶಣ್ಣ: ನಾನು ಮೊದಲೇ ಹೇಳಿದ್ದೆ. ಆಗ ಯಾರೂ ಕೇಳ್ಲಿಲ್ಲ.

ಸಂತೋಷ (ಮಸ್ಕತ್): ಇದು ಬರೆದದ್ದು ಯಾರಣ್ಣ?

ರಮೇಶಣ್ಣ: ಬಂದರಿನ ಗ್ರೂಪಲ್ಲಿ ಬಂತು. ಅವರಿಗಿಂತ ನಿನಗೆ ಜಾಸ್ತಿ ಗೊತ್ತುಂಟಾ?

ಸಂತೋಷ (ಮಸ್ಕತ್): ಹೆಚ್ಚಿನ ಬೊಂಡಾಸ್‌ಗಳಿಗೆ ಬಣ್ಣವೇ ಗೊತ್ತಾಗುವುದಿಲ್ಲ ಅಣ್ಣ. ನಮಗೆ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶ ಮೂರು ಬಗೆ, ಅದಕ್ಕೆ ಒಂದೇ. ಜಪಾನಿನ ಮಿಂಚುವ ಬೊಂಡಾಸ್‌ನಂಥ ಜಾತಿಯ ಕಥೆ ಬೇರೆ. ಆಳಕ್ಕೆ ಹೋದ ಹಾಗೆ ನೀರು ಕೆಂಪು ಬೆಳಕನ್ನೇ ಮೊದಲು ನುಂಗುತ್ತದೆ. ಅಲ್ಲಿ ಕೆಂಪು ಎಗಿ ಅಂದರೆ ಒಂದು ಕಪ್ಪು ನೆರಳು. ರಾತ್ರಿ, ಕದಡಿದ ನೀರಲ್ಲಿ ಆ ನೆರಳು ಎದ್ದು ಕಾಣುತ್ತದೆ, ಅದಕ್ಕೇ ಹಿಡಿಯುವುದು. ತಿಳಿ ನೀರು, ಬಿಸಿಲಿದ್ದರೆ ನಾನು ಕಂದು, ಹಸಿರು ಹಾಕುವುದು.

ದೊಡ್ಡಪ್ಪ: ಬಣ್ಣದ ಮಾತು ಸಾಕು. ನಾವು ಕಡಲಿಗೆ ಕೈ ಮುಗಿದು ಇಳಿಯುತ್ತಿದ್ದೆವು, ಬೇಕಾದಷ್ಟು ತರುತ್ತಿದ್ದೆವು. ಈಗ ಎಲ್‌ಇಡಿ ಲೈಟು ಹಾಕಿ ಮರಿಯನ್ನೂ ಬಿಡದೆ ಬಾಚುತ್ತಾರೆ. 2017ರಲ್ಲೇ ಕೇಂದ್ರ ನಿಷೇಧ ಮಾಡಿದೆ. ಕೇಳುವವರು ಯಾರು?

ರಮೇಶಣ್ಣ: ದೊಡ್ಡಪ್ಪ, ಇದು ಗಾಳದ ವಿಷಯ.

ದೊಡ್ಡಪ್ಪ: ನನಗೆ ಗೊತ್ತುಂಟು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ.

ಪ್ರತಿಮಾ (ಮುಂಬೈ): ಬೊಂಡಾಸ್ ಅಂದಕೂಡಲೇ ಅಜ್ಜಿಯ ನೆನಪು. ಅಂಗಳದಲ್ಲಿ ಕೂತು ಶಾಯಿ ಚೀಲ ತೆಗೆಯುವಾಗ ಒಡೆದು ನನ್ನ ಹೊಸ ಲಂಗವೆಲ್ಲ ಕಪ್ಪು. ಬೈಗುಳ ಸಿಕ್ಕಿದ್ದು ನನಗೆ. ಆ ಸುಕ್ಕದ ರುಚಿ ಇಲ್ಲಿ ಎಲ್ಲೂ ಇಲ್ಲ. ಅಜ್ಜಿ ತೆಂಗಿನಕಾಯಿ ಹುರಿಯುತ್ತಿದ್ದರಾ, ಹಸಿ ಹಾಕುತ್ತಿದ್ದರಾ?

ಜಯಕ್ಕ: ಹುರಿದೇ. ಬೊಂಡಾಸ್ ಮಾತ್ರ ಜಾಸ್ತಿ ಬೇಯಿಸಬಾರದು, ರಬ್ಬರ್ ಆಗ್ತದೆ.

ರಮೇಶಣ್ಣ: ಸಂತೋಷ, ಹೋದ ಸಲ ಊರಿಗೆ ಬಂದಾಗ ನೀನು ತಂದ ಎಗಿಯಲ್ಲಿ ಒಂದಾದರೂ ಬೊಂಡಾಸ್ ಸಿಕ್ಕಿತ್ತಾ?

ಸಂತೋಷ (ಮಸ್ಕತ್): ಸಿಗುವುದು ಹೇಗೆ? ಅದು 3.5 ಸೈಜು, ಸುಮಾರು 20 ಗ್ರಾಂ. ಮೂರು ಮೂರೂವರೆ ಸೆಕೆಂಡಿಗೆ ಒಂದು ಮೀಟರ್ ಇಳಿಯುತ್ತದೆ. ಬಂಡೆ ಹತ್ತಿರ ನೀರು ಕಡಿಮೆ, ನಿಧಾನ ಇಳಿಯುವ ಶಾಲೋ ಹಾಕಿ ಅಂತ ಬೇಡಿಕೊಂಡೆ. ನೀವು ತಳಕ್ಕೆ ಬಿಟ್ಟು ನಾಲ್ಕನ್ನು ಕಲ್ಲಿಗೆ ಸಿಕ್ಕಿಸಿದಿರಿ. ಎರಡು ಸಲ ಜಗ್ಗಿ ಬಿಡಬೇಕು, ನೂಲು ಸಡಿಲ ಮಾಡದೆ ಇಳಿಸಬೇಕು. ಬೊಂಡಾಸ್ ಅಪ್ಪಿಕೊಳ್ಳುವುದು ಹೆಚ್ಚಾಗಿ ಇಳಿಯುವಾಗಲೇ. ಎಗಿಯ ಮುಳ್ಳಿಗೆ ಜಾರದಂತೆ ಹಿಡಿಯುವ ಹಿಮ್ಮುಖದ ಕೊಕ್ಕೆ ಇಲ್ಲ, ಸಡಿಲ ಬಿಟ್ಟರೆ ತಪ್ಪಿಸಿಕೊಳ್ಳುತ್ತದೆ.

ರಮೇಶಣ್ಣ: ನಾಲ್ಕಲ್ಲ, ಮೂರು.

ಸಂತೋಷ (ಮಸ್ಕತ್): ನಾಲ್ಕು. ಉಳಿದ ಆರನ್ನು ಡಬ್ಬಿ ಸಮೇತ ನೀವೇ ಇಟ್ಟುಕೊಂಡಿರಿ. ಕೇಳಿದರೆ ಮಾತೇ ಇಲ್ಲ.

ರಮೇಶಣ್ಣ: ನಾನು ಕಳ್ಳನಾ? ದೊಡ್ಡಪ್ಪ, ನೋಡಿ ಇವನ ಮಾತು.

ದೊಡ್ಡಪ್ಪ: ಅಣ್ಣನಿಗೆ ಹೀಗೆ ಹೇಳಬಾರದು ಸಂತೋಷ. ರಮೇಶ, ಡಬ್ಬಿ ಇದ್ದರೆ ಕೊಟ್ಟುಬಿಡು.

ಜಯಕ್ಕ: ಡಬ್ಬಿ ನಮ್ಮ ಅಟ್ಟದಲ್ಲಿ ಉಂಟು. ಮಕ್ಕಳು ಮುಳ್ಳು ಚುಚ್ಚಿಕೊಳ್ತಾರೆ ಅಂತ ನಾನೇ ಎತ್ತಿಟ್ಟದ್ದು. ಯಾರೂ ನನ್ನ ಹತ್ತಿರ ಕೇಳ್ಲೇ ಇಲ್ಲ.

ಪ್ರತಿಮಾ (ಮುಂಬೈ): ಅಕ್ಕ, ಆ ಅಟ್ಟದಲ್ಲೇ ಅಲ್ವಾ ನಾವು ಮಾವಿನಕಾಯಿ ಅಡಗಿಸುತ್ತಿದ್ದದ್ದು?

ರಮೇಶಣ್ಣ: ಜಯಕ್ಕ, ಅದರಲ್ಲಿ ಕೆಂಪು ಉಂಟಾ ನೋಡಿ.