ಸಿಗರೇಟು ಬಿಟ್ಟರೆ ವೀರ್ಯಾಣು ಸುಧಾರಿಸುತ್ತಾ? ಮೂರೇ ತಿಂಗಳು ಯಾಕೆ?

ಡೊಂಬಿವ್ಲಿ ಹುಡುಗ:
ವೀರ್ಯದ ರಿಪೋರ್ಟ್ ಅಷ್ಟಕ್ಕಷ್ಟೇ. ಡಾಕ್ಟ್ರು ಸಿಗರೇಟು ಬಿಟ್ಟು ಮೂರು ತಿಂಗಳಾದ ಮೇಲೆ ಬನ್ನಿ ಅಂದರು. ಜೀನ್ ಅಪ್ಪನಿಂದ ಬಂದದ್ದು ತಾನೇ? ಅದಕ್ಕೂ ಸಿಗರೇಟಿಗೂ ಏನು ಸಂಬಂಧ?

ಪರೇಲ್ ಲ್ಯಾಬಿನವಳು:
ಜೀನ್ ಅದೇ ಇರುತ್ತದೆ. ಯಾವುದು ಆನ್, ಯಾವುದು ಆಫ್ ಅನ್ನೋದು ಬೇರೆ ಲೆಕ್ಕ. ಡಿಎನ್‌ಎ ಮೇಲೆ ಮಿಥೈಲ್ ಗುಂಪು ಅನ್ನೋ ಪುಟ್ಟ ರಾಸಾಯನಿಕ ಗುರುತು ಅಂಟಿಕೊಂಡರೆ ಜೀನ್ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಸಿಗರೇಟು ಸೇದುವವರ ವೀರ್ಯಾಣುವಿನಲ್ಲಿ ಈ ಗುರುತುಗಳು ಕೆಲವೆಡೆ ಬೇರೆ ಥರ ಕಂಡಿವೆ.

ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಕೊನೆಗೆ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಅನ್ನೋ ಪ್ರೋಟೀನ್‌ಗಳ ಜಾಗಕ್ಕೆ ಪ್ರೋಟಮಿನ್ ಅನ್ನೋ ಬೇರೆ ಪ್ರೋಟೀನ್ ಬಂದು, ಡಿಎನ್‌ಎ ಬೆಳಗಿನ ವಿರಾರ್ ಲೋಕಲ್ ರೈಲಿನ ಜನರ ಥರ ಒತ್ತಿಕೊಳ್ಳುತ್ತದೆ. ಆಮೇಲೆ ಅದು ಜೀನ್ ಓದೋದೇ ಬಹುಪಾಲು ನಿಂತಂತೆ. ಮುಂದಿನ ದಾರಿ ಎಪಿಡಿಡಿಮಿಸ್. ವೃಷಣದ ಹಿಂದೆ ಸುರುಳಿ ಸುತ್ತಿಕೊಂಡ ನಳಿಕೆ, ಬಿಚ್ಚಿದರೆ ಸುಮಾರು 6 ಮೀಟರ್! ನನಗೆ ಇಷ್ಟವಾದ ಭಾಗ ಇದೇ. ಅದರ ಗೋಡೆಯ ಜೀವಕೋಶಗಳು ಕಳಿಸುವ ಆರ್‌ಎನ್‌ಎ ತುಣುಕುಗಳು ವೀರ್ಯಾಣುವನ್ನು ಸೇರುತ್ತವೆ. ಇದು ಇಲಿಗಳಲ್ಲಿ ಕಂಡದ್ದು. ತಯಾರಿ, ಈ ದಾರಿ ಎಲ್ಲ ಕೂಡಿಸಿ, ಸಿಗರೇಟು ಬಿಟ್ಟ ಮೇಲಿನ ಹೊಸ ವೀರ್ಯಾಣು ಬರಲು ಸುಮಾರು ಮೂರು ತಿಂಗಳು.

ಪುಣೆ ಕೊತ್ರೂಡ್:
ಸುಮ್ನೆ ‘ಎಪಿಜೆನೆಟಿಕ್ ಪ್ಯಾಕೇಜ್’ (ಈ ಆನ್-ಆಫ್ ಗುರುತುಗಳ ಟೆಸ್ಟ್) ಅಂತ ದುಡ್ಡು ಕೊಡಬೇಡಿ. ನಾವು ಕೊಟ್ಟಿದ್ದೆವು, ಡಾಕ್ಟ್ರು ಆ ರಿಪೋರ್ಟ್ ತೆರೆದೂ ನೋಡಲಿಲ್ಲ.

ಡೊಂಬಿವ್ಲಿ ಹುಡುಗ:
ಥ್ಯಾಂಕ್ಸ್ ಅಕ್ಕಾ. ಸಿಗರೇಟು ಬದಲು ಮಾವಾ ನಡೆಯುತ್ತಾ?

ಪರೇಲ್ ಲ್ಯಾಬಿನವಳು:
ಅದೂ ತಂಬಾಕೇ ಅಲ್ವಾ ಮಾರಾಯಾ!